ಕಾಲುಪಾಲು ಹರಳೆಣ್ಣೆ

ಭಾನುವಾರ, ಮಧ್ಯಾಹ್ನ

ಪೈಲಟ್ ಸಾಹೇಬರಿಗೆ,

ನಿಮ್ಮ ಮೆಕ್ಯಾನಿಕ್ ಮಾಡುವ ನಮಸ್ಕಾರ. ಹೆಂಡತಿ ಎಂದೇ ಬರೆಯಲು ಪೆನ್ನು ಊರಿದ್ದೆ. ಆ ಪದ ಕಂಡ ಕೂಡಲೇ ಕಾಗದ ಮಡಚಿ ಪಕ್ಕಕ್ಕಿಡುತ್ತೀರಿ ಅನ್ನಿಸಿತು. ಮೆಕ್ಯಾನಿಕ್ ಎಂದರೆ ಕೊನೆಯವರೆಗೂ ಓದುತ್ತೀರಿ. ಮೈದಾನದಲ್ಲಿ ನೀವು ನನ್ನ ಮಾತನ್ನು ಅರ್ಧಕ್ಕೆ ತಡೆದವರಲ್ಲ, ಮನೆಯಲ್ಲಿ ಪೂರ್ತಿ ಕೇಳಿದವರೂ ಅಲ್ಲ.

ಕೆಲಸದ ಮಾತು ಮೊದಲು ಹೇಳಿಬಿಡುತ್ತೇನೆ, ಅದಕ್ಕೆ ಅವಸರವಿದೆ. ನಮ್ಮ ಮಾದರಿ ವಿಮಾನದ ಎಂಜಿನ್ನನ್ನು ಬಲವಂತವಾಗಿ ತಿರುಗಿಸಬೇಡಿ. ಇಕ್ಕಳ ಹಾಕಬೇಡಿ, ಬಟ್ಟೆ ಸುತ್ತಿಯೂ ಹಾಕಬೇಡಿ. ಅದು ಕೆಟ್ಟಿಲ್ಲ, ಒಳಗೆ ಅಂಟಿಕೊಂಡಿದೆ ಅಷ್ಟೆ. ನಿಮ್ಮ ಅಕ್ಕನ ಹೇರ್ ಡ್ರೈಯರ್ ಇಸಿದುಕೊಂಡು, ಕೈಗೆ ಸುಡುವಷ್ಟು ಎಂಜಿನ್ನಿನ ಮೈ ಬಿಸಿ ಮಾಡಿ. ಆಮೇಲೆ ಡ್ರೈಯರ್ ದೂರ ಇಟ್ಟು, ಎಂಜಿನ್ನಿನ ನೆತ್ತಿಯ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ನಾಲ್ಕು ಹನಿ ಮೆಥನಾಲ್ ಬಿಡಿ. ಒಂದು ಲೋಟ ಟೀ ಕುಡಿದು ಬನ್ನಿ. ಬಂದು ಪ್ರೊಪೆಲ್ಲರನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ಆಡಿಸಿ. ಬರಲಿಲ್ಲವೋ, ಮತ್ತೆ ಬಿಸಿ ಮಾಡಿ, ಇನ್ನೊಂದು ಲೋಟ ಟೀ ಕುಡಿಯಿರಿ. ಒಳಗಿರುವ ಕನೆಕ್ಟಿಂಗ್ ರಾಡ್ ನನ್ನ ಕಿರುಬೆರಳಿಗಿಂತ ತೆಳು. ಪಿಸ್ಟನ್ ಅಂಟಿಕೊಂಡಿರುವಾಗ ಹೊರಗಿನಿಂದ ಶಾಫ್ಟಿಗೆ ಜೋರು ಮಾಡಿದರೆ ಮುರಿಯುವುದು ಅದೇ.

ನನಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ಹುಬ್ಬು ಗಂಟಿಕ್ಕಬೇಡಿ. ಅಂಟಣ್ಣ ಹೇಳಿದ. ಮಾದರಿ ವಿಮಾನದ ಸಾಮಾನು ಮಾರುವ ಅಂಗಡಿ ಈ ಊರಿಗೆಲ್ಲ ಅವನದೊಂದೇ. ಅವನ ಬೆರಳಿಗೆ ಅಂಟಿರುವ ಗೋಂದಿನ ಹಾಗೆಯೇ ಸುದ್ದಿಯೂ ಅವನಿಗೆ ಅಂಟಿಕೊಂಡು ಬರುತ್ತದೆ. ನೀವು ಎಂಜಿನ್ ಮಾರಲು ಅವನಿಗೆ ಹೇಳಿದ್ದು, ಕೊಳ್ಳುವವರು ಸಿಕ್ಕಿದ್ದು, ಅವರು ಒಂದೇ ಒಂದು ಪ್ರಶ್ನೆ ಕೇಳಿ ಕಳಿಸಿದ್ದು, ಎಲ್ಲ ಗೊತ್ತಾಯಿತು. ಇಷ್ಟು ದಿನ ಯಾವ ಎಣ್ಣೆಯಲ್ಲಿ ಓಡಿಸಿದ್ದೀರಿ, ಹರಳೆಣ್ಣೆಯೋ ಸಿಂಥೆಟಿಕ್ಕೋ, ಎಂದು ಕೇಳಿದರಂತೆ. ಹಳೆಯ ಎಂಜಿನ್ ಕೊಳ್ಳುವ ಯಾರಾದರೂ ಕೇಳುವ ಪ್ರಶ್ನೆಯೇ ಅದು. ನೀವು ಕಣ್ಣು ಮಿಟುಕಿಸದೆ ಹೇಳಿದಿರಂತೆ, ಪೂರ್ತಿ ಸಿಂಥೆಟಿಕ್, ಒಂದು ತೊಟ್ಟು ಹರಳೆಣ್ಣೆ ಕಂಡ ಎಂಜಿನ್ ಅಲ್ಲ, ಇಟ್ಟಲ್ಲೇ ಇಟ್ಟು ಸ್ವಲ್ಪ ಹಿಡಿದುಕೊಂಡಿದೆ, ಬಿಡಿಸಿ ಸೋಮವಾರ ಕೊಡುತ್ತೇನೆ ಎಂದು.

ಬಿಡಿಸುವುದು ಎಂಬ ಮಾತು ಕೇಳಿದ ಕೂಡಲೇ, ಬಿಸಿ ಮಾಡಿ ಬಿಡಿಸಲು ಹೇಳು ಎಂದು ಅಂಟಣ್ಣನಿಗೆ ಹೇಳಿದೆ. ಅವನು ತನ್ನ ಮಾತೇ ಎನ್ನುವ ಹಾಗೆ ನಿಮಗೆ ಫೋನ್ ಮಾಡಿದ. ನೀವು ನಕ್ಕುಬಿಟ್ಟಿರಂತೆ. ಅಂಟಿಕೊಳ್ಳುವುದು ಹರಳೆಣ್ಣೆ ಎಂಜಿನ್ನಿನ ರೋಗ, ನಮ್ಮದಕ್ಕೆ ಅದೆಲ್ಲಿಂದ ಬರಬೇಕು, ಇದು ತುಕ್ಕು, ಇಕ್ಕಳದಲ್ಲಿ ಒಂದು ಸಲ ಎಳೆದರೆ ಬಿಡುತ್ತದೆ ಎಂದಿರಂತೆ.

ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಸಿಂಥೆಟಿಕ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಇದು ತುಕ್ಕು. ಲೆಕ್ಕ ಶುರುವಾದ ಅಂಕಿಯೇ ತಪ್ಪು. ಅದನ್ನು ಸರಿಪಡಿಸಲು ನಾನೇ ಬರೆಯಬೇಕು, ಏಕೆಂದರೆ ಜಗತ್ತಿನಲ್ಲಿ ಅದು ಗೊತ್ತಿರುವುದು ನನಗೊಬ್ಬಳಿಗೆ. ನನ್ನ ನಂಬರ್ ಕಂಡರೆ ನೀವು ಫೋನ್ ಎತ್ತುವುದಿಲ್ಲ. ಆದ್ದರಿಂದ ಈ ಕಾಗದ. ನಾಳೆ ಬೆಳಿಗ್ಗೆ ಅಂಟಣ್ಣನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಆ ಎಂಜಿನ್ನಿಗೆ ನಾನು ಹರಳೆಣ್ಣೆ ಹಾಕಿದ್ದೇನೆ. ಒಂದು ದಿನ ಎರಡು ದಿನವಲ್ಲ, ಕೊನೆಯ ಪಂದ್ಯದವರೆಗೂ, ಪ್ರತಿಯೊಂದು ಡಬ್ಬಿಗೂ.

ಈ ಸಾಲು ಬರೆದು ಎದ್ದು ಹೋಗಿ ಮುಖ ತೊಳೆದು ಬಂದೆ. ಇದನ್ನು ಓದುವಾಗ ನಿಮ್ಮ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು.

ನೆನಪು ಮಾಡಿಕೊಳ್ಳಿ. ಮೊದಲ ವರ್ಷಗಳಲ್ಲಿ ಇಂಧನಕ್ಕೆ ಬೆರೆಸುವ ಎಣ್ಣೆ ಎಂದರೆ ನಮ್ಮದು ಬರೀ ಹರಳೆಣ್ಣೆ. ಹಿಂದಿನ ಬಾಲ್ಕನಿಯಲ್ಲಿ ಕೂತು, ನಾಲ್ಕು ಪಾಲು ಮೆಥನಾಲಿಗೆ ಒಂದು ಪಾಲು ಎಣ್ಣೆ ಅಳೆದು ನಾನು ಕಲಕುತ್ತಿದ್ದೆ, ನೀವು ಬಾಗಿಲಿಗೆ ಒರಗಿ ಬೆಂಕಿಕಡ್ಡಿ ಗೀರುವ ಹಾಗೆ ನಟಿಸಿ ನನ್ನನ್ನು ಹೆದರಿಸುತ್ತಿದ್ದಿರಿ. ಹರಳೆಣ್ಣೆ ಮೆಥನಾಲಿನಲ್ಲಿ ಸಲೀಸಾಗಿ ಬೆರೆಯುತ್ತದೆ. ಎಂಜಿನ್ ಎಷ್ಟೇ ಕಾದರೂ ಲೋಹ ಬಿಟ್ಟು ಕದಲುವುದಿಲ್ಲ. ಆದರೆ ಶುದ್ಧ ಗಲೀಜು. ರೆಕ್ಕೆಯ ಮೇಲೆಲ್ಲ ಜಿಡ್ಡು, ಸಿಲಿಂಡರಿನ ಮೈಗೆ ಕಂದು ಕರೆ, ನನ್ನ ಜಡೆಯಿಂದ ಚಪ್ಪಲಿಯವರೆಗೆ ಅದೇ ವಾಸನೆ. ನೀವು ವೃತ್ತದ ನಡುವೆ ಹಿಡಿಕೆ ಹಿಡಿದು, ಎರಡು ತೆಳು ತಂತಿಯ ತುದಿಯಲ್ಲಿ ವಿಮಾನವನ್ನು ಸುತ್ತಿಸುತ್ತ ರಾಜನ ಹಾಗೆ ನಿಂತಿರುತ್ತಿದ್ದಿರಿ. ಅಂಚಿನಲ್ಲಿ ಮಂಡಿಯೂರಿ ಕೂತು, ಇಳಿದು ಬಂದದ್ದನ್ನು ಹಿಡಿದು, ಇಂಧನ ತುಂಬಿ, ಪ್ರೊಪೆಲ್ಲರಿಗೆ ಬೆರಳು ಹೊಡೆದು ಎಂಜಿನ್ ಹತ್ತಿಸಿ ಮತ್ತೆ ಬಿಡುವವಳು ನಾನು. ಎಂಜಿನ್ ಉಗುಳಿದ್ದೆಲ್ಲ ಬೀಳುತ್ತಿದ್ದದ್ದು ನನ್ನ ಮೇಲೆ. ನಾನು ಒಂದು ದಿನವೂ ಗೊಣಗಿರಲಿಲ್ಲ.

ಗೊಣಗಿದ್ದು ನೀವು. ಆ ಸೆಮಿಫೈನಲ್ಲಿನಲ್ಲಿ ಪ್ಲಗ್ಗಿಗೆ ಕರೆ ಕಟ್ಟಿ ನಾನು ಬೆರಳು ಹೊಡೆದೂ ಹೊಡೆದೂ ಎಂಜಿನ್ ಹತ್ತಲಿಲ್ಲ. ಸೋತು ಮನೆಗೆ ಬಂದವರೇ ಇನ್ನು ಮೇಲೆ ಹರಳೆಣ್ಣೆ ಈ ಮನೆಯ ಹೊಸ್ತಿಲು ದಾಟಕೂಡದು ಎಂದು ಅಪ್ಪಣೆ ಮಾಡಿದಿರಿ. ಮಾರನೆಯ ದಿನವೇ ಸಿಂಥೆಟಿಕ್ ಡಬ್ಬಿ ಬಂತು. ನೀಲಿ ಬಣ್ಣ, ವಾಸನೆಯೇ ಇಲ್ಲ, ರೆಕ್ಕೆ ಒರೆಸಿದರೆ ಹೊಸದರ ಹಾಗೆ. ನಾನು ಆಯ್ತು ಎಂದೆ. ನಾನು ಆಯ್ತು ಎಂದರೆ ಏನರ್ಥ ಎಂದು ಅಷ್ಟು ವರ್ಷ ಜೊತೆಗಿದ್ದೂ ನೀವು ಕಲಿಯಲಿಲ್ಲ.

ಸಿಂಥೆಟಿಕ್ಕನ್ನು ನಾನು ಹಳಿಯುವುದಿಲ್ಲ. ಎಂಜಿನ್ ಹಗುರವಾಗಿ ಓಡುತ್ತದೆ, ಒಂದು ಸುತ್ತು ಹೆಚ್ಚೇ ಬರುತ್ತದೆ. ಒಂದೇ ಒಂದು ದೋಷ. ಇಂಧನ ಸಾಲದೆ ಎಂಜಿನ್ ಮಿತಿಮೀರಿ ಕಾದಾಗ ಆ ಎಣ್ಣೆ ಉರಿದು ಹೋಗುತ್ತದೆ. ಎಲ್ಲ ನೆಟ್ಟಗಿದ್ದಾಗ ಜೊತೆಗಿದ್ದು, ಕಷ್ಟಕ್ಕೆ ಇಲ್ಲ. ನೀವು ಇಂಧನದ ಹರಿವನ್ನು ಹಿಡಿತದಲ್ಲಿಡುವ ಸೂಜಿಯನ್ನು ಯಾವಾಗಲೂ ಒಂದು ಕೂದಲೆಳೆ ಜಾಸ್ತಿಯೇ ಮುಚ್ಚಿಸುವವರು, ಇನ್ನಷ್ಟು ವೇಗ ಬೇಕು ಎನ್ನುವವರು. ನಿಮ್ಮ ಸ್ವಭಾವಕ್ಕೆ ಆ ಎಣ್ಣೆ ಆಗುವುದಿಲ್ಲ ಎಂದು ನನಗೆ ಅನ್ನಿಸಿತು. ಹೇಳಿದೆ, ನೀವು ಕೇಳಲಿಲ್ಲ. ಮತ್ತೆ ಹೇಳಿದೆ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಿರಿ.

ಅಂದಿನಿಂದ ಎಣ್ಣೆಯ ಅಳತೆಯಲ್ಲಿ ಕಾಲುಪಾಲು ಹರಳೆಣ್ಣೆ, ಉಳಿದದ್ದು ಸಿಂಥೆಟಿಕ್. ನೀಲಿಯಲ್ಲಿ ಅದರ ಹಳದಿ ಮುಳುಗಿಹೋಗುತ್ತಿತ್ತು. ವಾಸನೆ ಮಾತ್ರ ಮುಚ್ಚಿಡಲು ಆಗಲಿಲ್ಲ. ನೀವೇ ಒಂದು ದಿನ ಮೂಗು ಅರಳಿಸಿ, ಹರಳೆಣ್ಣೆ ವಾಸನೆ ಬರ್ತಿದೆಯಲ್ಲ ಎಂದಿರಿ. ಕೂದಲು ಉದುರುತ್ತಿದೆ, ತಲೆಗೆ ಹಚ್ಚಿದ್ದೇನೆ ಎಂದೆ. ಸುಳ್ಳಾಗಬಾರದೆಂದು ಅಂದಿನಿಂದ ಪ್ರತಿ ಪಂದ್ಯಕ್ಕೂ ತಲೆ ತುಂಬ ಹಚ್ಚಿಕೊಂಡೇ ಬರತೊಡಗಿದೆ. ನನ್ನ ಹೆಂಡತಿಯ ತಲೆ ವಾಸನೆ ಎಂಜಿನ್ನಿಗೂ ಅಂಟಿದೆ ಎಂದು ನೀವು ಮೈದಾನದಲ್ಲೆಲ್ಲ ನಗಾಡಿದಿರಿ. ನಾನೂ ನಕ್ಕೆ. ಹೇಳಬೇಕೆಂದರೆ, ಆಮೇಲೆ ಕೂದಲು ನಿಜಕ್ಕೂ ದಟ್ಟವಾಯಿತು.

ಇದನ್ನು ತಪ್ಪೊಪ್ಪಿಗೆ ಎಂದುಕೊಳ್ಳಬೇಡಿ. ಗಾಳಿ ಬಿರುಸಾಗಿದ್ದ ಆ ಪಂದ್ಯ ನೆನಪಿದೆಯಲ್ಲ, ಇಂಧನದ ನಳಿಗೆ ಸೊಟ್ಟಗಾಗಿ ಎಂಜಿನ್ ಕಿರುಚತೊಡಗಿದ್ದು. ಅಂಚಿನಲ್ಲಿ ಕೂತು ನಾನು ಇಳಿಸಿ ಇಳಿಸಿ ಎಂದು ಕೈ ಬೀಸುತ್ತಿದ್ದೆ, ನೀವು ಇಳಿಸಲಿಲ್ಲ. ಕೊನೆಗೆ ಬಂದದ್ದನ್ನು ಹಿಡಿದಾಗ ನನ್ನ ಅಂಗೈ ಚುರ್ ಎಂದಿತು, ಆ ಗುರುತು ಇನ್ನೂ ಇದೆ. ಬೆರಳು ಹೊಡೆದೆ. ಮೊದಲ ಏಟಿಗೇ ಹತ್ತಿತು. ಗೆದ್ದೆವು. ಸಿಂಥೆಟಿಕ್ ಅಂದರೆ ಹೀಗಿರಬೇಕು ಎಂದು ನೀವು ಎಲ್ಲರೆದುರು ಎಂಜಿನ್ನಿನ ಬೆನ್ನು ತಟ್ಟಿದಿರಿ. ನನಗೆ ಹೊಟ್ಟೆಯೊಳಗೆ ನಗು ಬಂತು, ಹೆಮ್ಮೆಯೂ ಆಯಿತು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಮುಖ ಅಷ್ಟು ಬೆಳಗಿರುವಾಗ ಸತ್ಯ ಹೇಳಿ ಏನು ಸಾಧಿಸಲಿ ಅನ್ನಿಸಿತು.

ಈಗ ಇನ್ನೊಂದು ಮಾತು. ಅದಿಲ್ಲದೆ ಹರಳೆಣ್ಣೆಯ ವಿಷಯ ಹೇಳಲು ಏಕೆ ಇಷ್ಟು ತಡವಾಯಿತು ಎಂದು ನಿಮಗೆ ತಿಳಿಯುವುದಿಲ್ಲ.

ಕೊನೆಯ ವರ್ಷ ನಿಮಗೆ ತಲೆ ಸುತ್ತು ಶುರುವಾಗಿತ್ತು. ವೃತ್ತದ ನಡುವೆ ಗಿರಗಿರನೆ ತಿರುಗುವವರಿಗೆ ಅದು ಮಾಮೂಲು ಎಂದು ನೀವು ತಳ್ಳಿಹಾಕಿದಿರಿ. ಆದರೆ ನಾನು ಅಂಚಿನಲ್ಲಿ ಕೂತವಳು, ನಿಮ್ಮ ಕಾಲು ನೋಡುತ್ತಿದ್ದವಳು. ವಿಮಾನ ಇಳಿದ ಮೇಲೂ ನೀವು ಕಾಲು ಅಗಲಿಸಿಕೊಂಡು, ಹಿಡಿಕೆಯನ್ನು ಕಂಬ ಹಿಡಿದ ಹಾಗೆ ಹಿಡಿದು ನಿಲ್ಲುತ್ತಿದ್ದಿರಿ. ಒಂದು ದಿನ ಕೆಲಸಕ್ಕೆ ಕಾರ್ಖಾನೆಗೆ ಹೋಗಲು ನೀವು ಓಡಿಸುತ್ತಿದ್ದ ಬಸ್ಸನ್ನೇ ಹತ್ತಿದೆ. ನನ್ನನ್ನು ನೀವು ನೋಡಲಿಲ್ಲ. ದೊಡ್ಡ ವೃತ್ತದಲ್ಲಿ ತಿರುಗುವಾಗ ಸ್ಟಿಯರಿಂಗಿನ ಮೇಲೆ ನಿಮ್ಮ ಕೈ ಅದೇ ಹಿಡಿತ ಹಿಡಿದಿತ್ತು. ಬಸ್ಸು ಅಂಚಿನ ಕಲ್ಲಿಗೆ ಉಜ್ಜಿತು. ನಿಂತಿದ್ದ ಹೆಂಗಸೊಬ್ಬಳು ಮಗುವಿನ ಸಮೇತ ನನ್ನ ಮಡಿಲಿಗೆ ಬಿದ್ದಳು. ಡಾಕ್ಟರ ಹತ್ತಿರ ಹೋಗೋಣ ಎಂದು ಅವತ್ತು ಸಂಜೆ ಕೇಳಿದೆ, ಮರುದಿನ ಕೇಳಿದೆ, ಆ ವಾರವೆಲ್ಲ ಕೇಳಿದೆ. ಆಮೇಲೆ ಡಿಪೋಗೆ ಹೋಗಿ ಹೇಳಿದೆ.

ಅದಕ್ಕಾಗಿ ನಾನು ಇವತ್ತೂ ಕ್ಷಮೆ ಕೇಳುವುದಿಲ್ಲ. ನಿಮ್ಮನ್ನು ಸ್ಟಿಯರಿಂಗಿನಿಂದ ಎಬ್ಬಿಸಿ ಟಯರ್ ಗೋದಾಮಿನಲ್ಲಿ ಕೂರಿಸಿದರು. ಹೇಳಿದ್ದು ಯಾರೆಂದು ಯಾರೋ ನಿಮ್ಮ ಕಿವಿಗೆ ಹಾಕಿದರು. ನೀವು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಸರಿಹೋಗುತ್ತಿತ್ತೇನೋ. ಬಟ್ಟೆ ತುಂಬಿಕೊಂಡಿರಿ, ಎಂಜಿನ್ನನ್ನು ಕರ್ಚೀಫಿನಲ್ಲಿ ಸುತ್ತಿಕೊಂಡಿರಿ, ಬಾಗಿಲ ಹತ್ತಿರ ನಿಂತು ಕೇಳಿದಿರಿ.

“ನನ್ನ ಬೆನ್ನ ಹಿಂದೆ ಇನ್ನೂ ಏನೇನು ಮಾಡಿದೀಯ, ಹೇಳಿಬಿಡು.”

“ಇನ್ನೇನೂ ಇಲ್ಲ,” ಎಂದೆ.

ಆ ಮಾತು ಬಾಯಿಂದ ಹೊರಡುವಾಗ ಬಾಲ್ಕನಿಯ ಕಪಾಟಿನಲ್ಲಿ ಹರಳೆಣ್ಣೆ ಬಾಟಲಿ ಇತ್ತು. ಅಂದು ಹೇಳಿದ್ದರೆ ನೀವು ಎಂಜಿನ್ನನ್ನೂ ಮುಟ್ಟದೆ ಹೋಗುತ್ತಿದ್ದಿರಿ ಎಂದು ಹೆದರಿದೆ. ಅದೊಂದಾದರೂ ನಿಮ್ಮ ಜೊತೆ ಹೋಗಲಿ, ಅದನ್ನು ನೋಡಿದಾಗಲಾದರೂ ಮೆಕ್ಯಾನಿಕ್ ನೆನಪಾಗಲಿ ಎಂಬ ಆಸೆ. ಆ ಬಾಗಿಲ ಪ್ರಶ್ನೆಗೆ ಇವತ್ತು ಉತ್ತರ ಕೊಡುತ್ತಿದ್ದೇನೆ. ಹೌದು, ಇನ್ನೂ ಒಂದಿತ್ತು. ನೀವು ಹೋದಂದಿನಿಂದ ನಿಮ್ಮ ಅಕ್ಕನ ಮನೆಯ ಮಹಡಿಯಲ್ಲಿ ಕೂತು ನನ್ನ ಬಗ್ಗೆ ಏನು ಅಂದುಕೊಳ್ಳುತ್ತಿದ್ದೀರೋ, ಅದಕ್ಕೆಲ್ಲ ಸಾಕ್ಷಿಯನ್ನು ಇವತ್ತು ನನ್ನ ಕೈಯಾರೆ ಬರೆದು ಕೊಟ್ಟಿದ್ದೇನೆ. ಇನ್ನು ನೀವು ವಾಪಸ್ಸು ಬರುವ ಮಾತಿಲ್ಲ, ಅದು ಬರೆಯಲು ಕೂರುವ ಮುಂಚೆಯೇ ಗೊತ್ತಿತ್ತು. ಎಂಜಿನ್ ಉಳಿದರೆ ಸಾಕು.

ಒಂದು ಮಾತು ಮಾತ್ರ ಹೇಳದೆ ಇರಲಾರೆ. ಎಣ್ಣೆ ಯಾವುದು ಎಂದು ಕೊಳ್ಳುವವರು ಕೇಳಿದಾಗ ನೀವು ನನ್ನನ್ನು ಕೇಳುತ್ತೀರಿ ಎಂದುಕೊಂಡಿದ್ದೆ. ಡಬ್ಬಿ ಕಲಕಿದವಳು ನಾನು ತಾನೇ? ಪೈಲಟ್ ಎಂದಾದರೂ ಡಬ್ಬಿಯೊಳಗೆ ಇಣುಕಿ ನೋಡಿದ್ದುಂಟೆ? ಒಂದು ಫೋನ್, ಒಂದು ಸಾಲು, ಎಣ್ಣೆ ಯಾವುದು ಎಂದಷ್ಟೇ. ಹೇಗಿದ್ದೀಯ ಎಂದು ಕೇಳದಿದ್ದರೂ ಪರವಾಗಿರಲಿಲ್ಲ. ಈ ವಾರ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಕೇಳಿಸದೆ ಹೋದೀತೆಂದು ಫೋನನ್ನು ಜೇಬಿನಲ್ಲಿಡದೆ ಕೈಯಲ್ಲೇ ಹಿಡಿದು ಓಡಾಡಿದೆ. ಒಂದು ಯಂತ್ರಕ್ಕೆ ಎಣ್ಣೆ ಬಿಡುವುದನ್ನೇ ಮರೆತೆ. ಮೇಲ್ವಿಚಾರಕಿ ಬೈದಳು. ನೀವು ನನ್ನನ್ನು ಕೇಳಬೇಕಾದದ್ದನ್ನು ನಿಮಗೆ ನೀವೇ ಉತ್ತರಿಸಿಕೊಂಡಿರಿ.

ಇರಲಿ. ಬಿಸಿ ಮಾಡಿ. ಇಕ್ಕಳ ಬೇಡ. ತಿರುಗಿದ ಮೇಲೆ ಪ್ಲಗ್ಗಿನ ತೂತಿನಲ್ಲಿ ಎರಡು ಹನಿ ತೆಳು ಎಣ್ಣೆ ಬಿಟ್ಟು ಕೊಡಿ. ಕೊಳ್ಳುವವರಿಗೆ ಅವಸರವಿಲ್ಲವಂತೆ, ಎಷ್ಟು ದಿನವಾದರೂ ಕಾಯುತ್ತಾರಂತೆ. ಅವರಿಗೆ ಹರಳೆಣ್ಣೆಯ ಮಾತು ಹೇಳಬೇಕಾಗಿಲ್ಲ, ನಿಮ್ಮ ಮಾತು ನಿಮ್ಮದಾಗಿಯೇ ಇರಲಿ. ತಲೆ ಸುತ್ತಿನ ಮಾತ್ರೆ ಬಿಡಬೇಡಿ. ಮಹಡಿ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಳ್ಳಿ, ನೋಡುವವರು ಯಾರೂ ಇಲ್ಲದಾಗಲೂ.

ಇಂತಿ,
ನಿಮ್ಮ ಹಿಂದೆ ನಿಂತು ಕೆಲಸ ಮಾಡಿದ್ದೇ ಹೆಚ್ಚಾಯಿತು ಎನಿಸಿಕೊಂಡ
ಮೆಕ್ಯಾನಿಕ್

ಮರೆತ ಮಾತು, ಅದೇ ದಿನ ಸಂಜೆ:

ಲಕೋಟೆ ಅಂಟಿಸುವ ಮುಂಚೆಯೇ ಅಂಟಣ್ಣ ಬಂದ. ನೀವು ಸೋಮವಾರದವರೆಗೆ ಕಾಯಲಿಲ್ಲವಂತೆ, ಮಧ್ಯಾಹ್ನವೇ ಎಂಜಿನ್ ತಂದು ಅಂಗಡಿಯಲ್ಲಿಟ್ಟು ಹೋದಿರಂತೆ. ಬಿಡಿಸಿಬಿಟ್ಟೆ, ಈಗ ಬೆಣ್ಣೆ ಹಾಗೆ ತಿರುಗುತ್ತದೆ ಎಂದು ಖುಷಿಯಾಗಿ ಹೇಳಿದಿರಂತೆ. ಅವನು ಅದನ್ನು ಕೊಂಡವರ ಮನೆಗೆ ತಲುಪಿಸಲು ಬಂದಿದ್ದ. ಕೊಂಡವಳು ನಾನು. ಎಣ್ಣೆಯ ಪ್ರಶ್ನೆ ಕೇಳಿ ಕಳಿಸಿದ್ದೂ ನಾನೇ. ಅದಕ್ಕೆ ಉತ್ತರ ಬೇಕೆಂದರೆ ನೀವು ನನ್ನ ಹತ್ತಿರವೇ ಬರಬೇಕು ಎಂದುಕೊಂಡು ಕೇಳಿದ್ದು. ನಿಮ್ಮ ಬೆನ್ನ ಹಿಂದಿನ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ.

ಕರ್ಚೀಫು ಬಿಚ್ಚಿ ಪ್ರೊಪೆಲ್ಲರಿಗೆ ಬೆರಳು ತಾಗಿಸಿದೆ. ತಿರುಗಿತು. ತೀರಾ ಹಗುರವಾಗಿ ತಿರುಗಿತು, ಯಾವ ಒತ್ತೂ ಇಲ್ಲದೆ. ಆಗಲೇ ಗೊತ್ತಾಯಿತು. ಸಿಲಿಂಡರಿನ ಹೆಡ್ ಬಿಚ್ಚಿ ನೋಡಿದೆ. ಶಾಫ್ಟ್ ಸುತ್ತುತ್ತಿತ್ತು, ಪಿಸ್ಟನ್ ಮಾತ್ರ ಇದ್ದಲ್ಲೇ ಇತ್ತು. ರಾಡ್ ಮುರಿದಿದೆ. ಹೊರಗೆ ಇಕ್ಕಳದ ಹಲ್ಲಿನ ಗುರುತು, ನೀವು ಬಟ್ಟೆ ಸುತ್ತಿಯೇ ಹಿಡಿದಿದ್ದೀರಿ, ಆದರೂ ಮೂಡಿದೆ. ಅಭ್ಯಾಸಬಲದಿಂದ ಡ್ರೈಯರ್ ಹಿಡಿದೆ. ಟೀ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ, ಪಿಸ್ಟನ್ ತಾನಾಗಿಯೇ ಕೆಳಗೆ ಜಾರಿತು. ಒಳಗೆಲ್ಲ ಹೊಳೆಯುತ್ತಿದೆ, ಒಂದು ಚುಕ್ಕೆ ತುಕ್ಕಿಲ್ಲ. ಮನೆ ತುಂಬ ಹರಳೆಣ್ಣೆ ವಾಸನೆ.

ಹೊಸ ರಾಡ್ ಮಾಡಿಸಬಹುದಲ್ಲಮ್ಮ ಎಂದು ಅಂಟಣ್ಣ ಸಮಾಧಾನ ಹೇಳಿದ. ಮಾಡಿಸಬಹುದು. ಹಾರಿಸುವವರು ಯಾರು ಎಂದು ಕೇಳಿದೆ, ಅವನು ಬೆರಳಿನ ಗೋಂದು ಕೀಳುತ್ತ ಕೂತ.

ಈ ಕಾಗದ ಇನ್ನು ಕಳಿಸುವುದಿಲ್ಲ. ಎಂಜಿನ್ನಿಗೆ ಸುತ್ತಿ ಕಪಾಟಿನಲ್ಲಿಡುತ್ತೇನೆ. ಎಂಜಿನ್ ಮೊದಲ ಏಟಿಗೇ ಹತ್ತಿತು, ಕೊಂಡವರಿಗೆ ತುಂಬ ಸಂತೋಷವಾಗಿದೆ ಎಂದು ನಾಳೆ ನಿಮಗೆ ಫೋನ್ ಮಾಡಿ ಹೇಳಲು ಅಂಟಣ್ಣನಿಗೆ ಹೇಳಿದ್ದೇನೆ. ಅವನಿಗೆ ಸುಳ್ಳು ಹೇಳಿ ರೂಢಿಯಿಲ್ಲ, ಸ್ವಲ್ಪ ತಡವರಿಸುತ್ತಾನೆ. ನೀವು ನಂಬಿಬಿಡಿ.